ಸದ್ದು ಮಾಡದ ಕ್ಯಾಮೆರಾ

ಫುಸಾಳಿಗೆ ಪಿತ್ತಕೋಶದಲ್ಲಿ ಗಡ್ಡೆ ಇದೆಯೆಂದು ಆಸ್ಪತ್ರೆಯವರು ಹೇಳಿದ ಮಾರನೆಯ ದಿನ ಅವಳು ಎಂದಿನಂತೆ ಪಾತ್ರೆ ಹಿಡಿದುಕೊಂಡು ನನ್ನ ಅಂಗಡಿಗೆ ತೋಫು ಕೊಳ್ಳಲು ಬಂದಳು. ಸುದ್ದಿ ಹೇಳಿದಳು. ಅವಳು ಅಳಲಿಲ್ಲ, ಅತ್ತದ್ದು ನಾನು. ನನ್ನ ಅಳು ಮುಗಿಯುವವರೆಗೆ ಕಾದು, ಅಂಗಡಿಯ ಗಾಜಿನ ಬಾಗಿಲಲ್ಲಿ ತನ್ನ ಮುಖ ನೋಡಿಕೊಂಡು ಕೇಳಿದಳು: "ಕಿನು, ಈ ಮುಖ ಇನ್ನೊಂದಿಷ್ಟು ದಿನ ಹೀಗೇ ಇರುತ್ತಾ?"

"ಮುಖಕ್ಕೇನು ಬಂತೇ ಈಗ?"

"ಪೀಠದ ಮೇಲಿಡೋ ಫೋಟೊ ತೆಗೆಸ್ಕೋಬೇಕು. ಔಷಧಿ ಶುರುವಾದ್ರೆ ಕೂದಲು ಉದುರುತ್ತಂತೆ, ಮುಖ ಊದುತ್ತಂತೆ. ಅಷ್ಟರೊಳಗೆ ಅವರ ಕೈಲೇ ತೆಗೆಸ್ಕೊಂಡುಬಿಡ್ತೀನಿ."

ಅವರು ಅಂದರೆ ಅವಳ ಗಂಡ ತೊಕುಜಿ. ನನ್ನ ಅಂಗಡಿಯ ಎದುರಿಗೇ ಅವರ ಇಗರಾಶಿ ಸ್ಟುಡಿಯೊ. ತ್ಸುರುಓಕಾ ಪಟ್ಟಣದ ಈ ಬೀದಿಯಲ್ಲಿ ಹುಟ್ಟಿದ ಕೂಸನ್ನು ದೇಗುಲಕ್ಕೆ ಕರೆದೊಯ್ದ ದಿನದಿಂದ ಹಿಡಿದು ಎಲ್ಲರ ಮುಖವೂ ತೊಕುಜಿಯವರ ಕ್ಯಾಮೆರಾದ ಮುಂದೆ ಹಾದುಹೋಗಿದೆ. ಮುದುಕರು ಕಾಲಲ್ಲಿ ಶಕ್ತಿಯಿರುವಾಗಲೇ ಬಂದು, ತಾವು ಸತ್ತ ಮೇಲೆ ಪೀಠದ ಮೇಲಿಡುವ ಫೋಟೊ ತೆಗೆಸಿಕೊಂಡು, ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಡುತ್ತಿದ್ದರು. ಆಗೆಲ್ಲ ಫುಸಾ ದೀಪದ ಪಕ್ಕ ನಿಂತಿರುತ್ತಿದ್ದಳು. ಕೊರಳ ಪಟ್ಟಿ ಸರಿಮಾಡುವುದು, ಗಲ್ಲಕ್ಕೆ ಬೆಳಕು ಬೀಳುವಂತೆ ಬಿಳಿ ಹಲಗೆ ಹಿಡಿಯುವುದು, "ಉಸಿರು ಬಿಡಿ, ಭುಜ ಇಳಿಸಿ" ಅನ್ನುವುದು ಅವಳ ಕೆಲಸ. ಅವಳೊಬ್ಬಳದೇ ಆದ ಒಂದು ಫೋಟೊ ಆ ಮನೆಯಲ್ಲಿ ಇರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಸುಮ್ಮನೆ ಅಲ್ಲ.

ಅಂದು ಅವರ ಮನೆಯಲ್ಲಿ ಏನು ನಡೆಯಿತೆಂದು ನನಗೆ ಹೇಳಿದವಳು ಸೊಸೆ ಇಕುಯೊ. ಅವಳು ಸೂಪರ್ ಮಾರ್ಕೆಟ್ಟಿನಲ್ಲಿ ಆಲೂ ಕರಿಯುವ ಕೆಲಸ ಮುಗಿಸಿ ಎಣ್ಣೆ ವಾಸನೆಯೊಂದಿಗೆ ನನ್ನ ಅಂಗಡಿಗೆ ಬಂದಳೆಂದರೆ ಮನೆಯ ವಿಷಯವೆಲ್ಲ ಬರುತ್ತಿತ್ತು. ಆ ಸಂಜೆ ಕೆಸುವಿನ ಗಡ್ಡೆ, ಮಿಸೊ ಹಾಕಿದ ಸಾರು. ಊಟಕ್ಕೆ ಕೂತ ಕೂಡಲೇ ಇಕುಯೊ ಮಾತು ತೆಗೆದಳಂತೆ.

"ಮಾವ, ಅತ್ತೆ ಫೋಟೊ ಈ ಭಾನುವಾರಾನೇ ತೆಗೆದುಬಿಡಿ."

"ಕ್ಯಾಮೆರಾ ಎಲ್ಲಿದೆ? ರಿಪೇರಿಯವರು ಕೈಯೆತ್ತಿದ್ರು, ಬಿಡಿಭಾಗ ಸಿಗೋದಿಲ್ಲವಂತೆ," ಎಂದರು ತೊಕುಜಿ. ಬೇಸಿಗೆಯ ಕೊನೆಯಲ್ಲಿ ಅವರ ಕ್ಯಾಮೆರಾ ಸ್ಟ್ಯಾಂಡಿನ ಸಮೇತ ಮಗುಚಿ ಬಿದ್ದಿತ್ತು. ಸ್ಟ್ಯಾಂಡಿನ ಕಾಲು ಜಾರಿತು ಎಂದು ಅವರು ಹೇಳಿದ್ದರು.

ಮಗ ನೊಬೊರು ಕಾರ್ಖಾನೆಯ ಪಾಳಿಗೆ ಹೊರಡುವ ಆತುರದಲ್ಲಿದ್ದ. "ಹಾಗಾದ್ರೆ ಅಂಗಡಿ ಬಾಗಿಲು ಹಾಕಿಬಿಡಿ ಅಪ್ಪ. ಗಿರಾಕಿ ಬಂದು ಎಷ್ಟು ದಿನ ಆಯ್ತು? ಕಾರು ನಿಲ್ಲಿಸೋಕೆ ಬಾಡಿಗೆಗೆ ಕೊಟ್ರೆ ಅಮ್ಮನ ಆಸ್ಪತ್ರೆ ಖರ್ಚಿಗಾದ್ರೂ ಆಗುತ್ತೆ."

"ನಾನಿನ್ನೂ ಸತ್ತಿಲ್ಲ."

"ಸಾಯೋ ಮಾತು ಈಗ ಯಾರು ತೆಗೆದ್ರು?" ಇಕುಯೊ ಗದರಿ, ಅತ್ತೆಯ ಕಡೆ ತಿರುಗಿದಳು. "ಅತ್ತೆ, ಮಾಲ್‌ನಲ್ಲಿ ಒಂದು ಸ್ಟುಡಿಯೊ ಇದೆ. ಕಿಮೊನೊ ಅವರೇ ಉಡಿಸ್ತಾರೆ, ಮುಖಕ್ಕೆ ಬಣ್ಣ ಹಚ್ತಾರೆ. ನಾನೇ ಕರ್ಕೊಂಡು ಹೋಗ್ತೀನಿ."

"ಬೇಡ ಕಣೇ. ಊರವರನ್ನೆಲ್ಲ ಇವರು ತೆಗೆದ್ರು, ಹೆಂಡತಿ ಮಾತ್ರ ಮಾಲ್‌ಗೆ ಹೋದ್ಳು ಅಂತ ಆಗಬಾರದು."

"ನಾನು ತೆಗೀಲಾ ಅಜ್ಜಿ?" ಎಂದವಳು ಮೊಮ್ಮಗಳು ಶಿಹೊ. ಹೈಸ್ಕೂಲಿನ ಫೋಟೊ ಕ್ಲಬ್ಬಿನಲ್ಲಿದ್ದಳು. ಕ್ಯಾಮೆರಾಗಳ ಗುಣಾವಗುಣ ಅವಳಿಗೆ ಬಾಯಿಪಾಠ.

ತೊಕುಜಿ ಚಾಪ್‌ಸ್ಟಿಕ್ ಕೆಳಗಿಟ್ಟರು. "ನಿಮ್ಮದು ಗುಂಡಿ ಒತ್ತೋ ವಿದ್ಯೆ. ಕ್ಯಾಮೆರಾ ಗುಂಯ್ ಅಂತ ಫೋಕಸ್ ಮಾಡುತ್ತೆ, ನೀವು ಹಲ್ಲು ಕಿರೀತೀರಿ. ನನಗೆ ಈ ಬೆರಳಲ್ಲೇ ಕಣ್ಣಿದೆ. ಉಂಗುರ ತಿರುಗಿಸಿದ್ರೆ ರೆಪ್ಪೆ ಕೂದಲು ಎಣಿಸೋ ಹಾಗೆ ಬರುತ್ತೆ."

ಶಿಹೊ ಎದ್ದು ತನ್ನ ತಟ್ಟೆ ತೊಳೆಯಲು ಹೋದಳು. ಫುಸಾ ಸಾಸ್ ಬಾಟಲಿಯನ್ನು ಗಂಡನ ಬಲಗೈ ಪಕ್ಕಕ್ಕೆ ಸರಿಸಿಟ್ಟಳು. ಅದು ಯಾವಾಗಲೂ ಅಲ್ಲೇ ಇರಬೇಕಿತ್ತು. ಯಾಕೆಂದು ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಯಾಕೆಂದು ನನಗೆ ಗೊತ್ತಿತ್ತು. ಫುಸಾ ನನ್ನೊಬ್ಬಳಿಗೇ ಹೇಳಿದ್ದಳು. ತೊಕುಜಿಯವರ ಕಣ್ಣಿನ ನಡುವೆ ಒಂದು ಮಸುಕು ಕೂತಿತ್ತು, ಅದು ದಿನದಿಂದ ದಿನಕ್ಕೆ ಹರಡುತ್ತಿತ್ತು. ಅಂಚಿನಲ್ಲಿ ಕಾಣುತ್ತಿತ್ತು, ನೇರ ನೋಡಿದ್ದು ಕಾಣುತ್ತಿರಲಿಲ್ಲ. ಎದುರಿಗಿದ್ದವರ ಕಿವಿ ಕಾಣುವುದು, ಮುಖ ಇಲ್ಲ. ಡಾಕ್ಟರು ಇದಕ್ಕೆ ಮದ್ದಿಲ್ಲ ಎಂದಿದ್ದರು. ಮಗನಿಗೆ ಗೊತ್ತಾದರೆ ಮರುದಿನವೇ ಸ್ಟುಡಿಯೊದ ಬಾಗಿಲು ಹಾಕಿಸುತ್ತಾನೆಂದು ಗಂಡಹೆಂಡಿರು ಬಾಯಿ ಕಟ್ಟಿಕೊಂಡಿದ್ದರು. ಫೋಟೊ ತೆಗೆಯುವಾಗ ಕ್ಯಾಮೆರಾ ತಾನೇ ಫೋಕಸ್ ಮಾಡುತ್ತಿತ್ತು. ಕಣ್ಣು ಮುಚ್ಚಿದವರು, ಕೊರಳು ಸೊಟ್ಟ ಮಾಡಿದವರು ಯಾರೆಂದು ಫುಸಾ ನೋಡಿ ಹೇಳುತ್ತಿದ್ದಳು. ಹೀಗೆ ಇಬ್ಬರೂ ಸೇರಿ ಒಬ್ಬ ಫೋಟೊಗ್ರಾಫರ್ ಆಗಿ ಸಂಸಾರ ತೂಗಿಸುತ್ತಿದ್ದರು. ಬೆರಳಲ್ಲಿ ಕಣ್ಣಿದೆ ಅನ್ನುವುದೆಲ್ಲ ಹಳೆಯ ಜಂಬ. ಗಂಡಸರ ಜಂಬ ಕಣ್ಣು ಹೋದರೂ ಹೋಗುವುದಿಲ್ಲ.

ಮುಂದಿನ ವಾರ ತೊಕುಜಿ ಯಾರಿಗೂ ಹೇಳದೆ ರೈಲು ಹತ್ತಿ ಸಕಾತಾಗೆ ಹೋದರು. ಅಲ್ಲಿ ಮೊಗಿ ಎಂಬುವನ ಹಳೆ ಕ್ಯಾಮೆರಾ ಅಂಗಡಿಯಿದೆ. ಅವನು ಹುಡುಗನಾಗಿದ್ದಾಗ ಇವರ ಸ್ಟುಡಿಯೊದಲ್ಲೇ ಕಸ ಗುಡಿಸಿ ಕೆಲಸ ಕಲಿತವನು. ಇವರು ಕೇಳಿದ್ದು ತಮ್ಮ ಹಳೆಯ ಕ್ಯಾಮೆರಾದ ಕಂಪನಿಯದೇ ಅತಿ ಅಗ್ಗದ, ಹೊಸಬರು ಕೊಳ್ಳುವ ಪುಟ್ಟ ಕ್ಯಾಮೆರಾ. ಮುಂದೆ ನಡೆದದ್ದನ್ನು ಮೊಗಿ ಆಮೇಲೆ ತಾನಾಗಿಯೇ ನನಗೆ ಹೇಳಿದ.

"ಯಾವ ಲೆನ್ಸ್ ಹಾಕ್ತೀರಿ ಗುರುಗಳೇ? ಒಮ್ಮೆ ತಂದು ಹಾಕಿ ನೋಡೋಣ್ವಾ?" ಎಂದು ಅವನು ಕೇಳಿದನಂತೆ.

"ನನ್ನ ಲೆನ್ಸುಗಳು ಇದರ ಬಾಯಿಗೆ ಕೂರುತ್ತೋ ಇಲ್ವೋ?"

"ಕೂರೋದೇನೋ ಎಲ್ಲಾ ಕೂರುತ್ತೆ. ಆದ್ರೆ ಹಳೇವಾದ್ರೆ..."

"ಕೂರುತ್ತೆ ತಾನೇ? ಕಟ್ಟಿಕೊಡು. ಮೀನಿಗೆ ಈಜು ಕಲಿಸೋಕೆ ಬರ್ತೀಯಾ?"

ಮೊಗಿ ತಲೆ ತಗ್ಗಿಸಿ ಕಟ್ಟಿಕೊಟ್ಟ. ಗುರುವಿಗೆ ಎದುರು ಮಾತಾಡುವುದನ್ನು ತೊಕುಜಿ ಅವನಿಗೆ ಕಲಿಸಿರಲಿಲ್ಲ.

ಕ್ಯಾಮೆರಾ ಮನೆಗೆ ಬಂತು. ತೊಕುಜಿ ಅದಕ್ಕೆ ತಮ್ಮ ಪ್ರೀತಿಯ ಲೆನ್ಸ್ ಸಿಕ್ಕಿಸಿಟ್ಟರು. ಬೀದಿಯ ಮುಖಗಳನ್ನೆಲ್ಲ ತೆಗೆದದ್ದು ಅದೇ ದಪ್ಪ ಕತ್ತಿನ ಹಳೆಯ ಲೆನ್ಸಿನಲ್ಲಿ. ಶಾಲೆಯಿಂದ ಬಂದ ಶಿಹೊ ಕ್ಯಾಮೆರಾ ಕೈಗೆತ್ತಿಕೊಂಡು, ಲೆನ್ಸ್ ನೋಡಿ, "ತಾತ, ಈ ಲೆನ್ಸು ಇದಕ್ಕೆ..." ಎಂದು ಶುರುಮಾಡಿದಳು.

"ಕೆಳಗಿಡು. ಆಟದ ಸಾಮಾನಲ್ಲ ಅದು."

"ಅದಲ್ಲ ತಾತ, ಇದರಲ್ಲಿ ಫೋಕಸ್ಸು ಕೈಯಲ್ಲೇ..."

"ಕೈ ಇಲ್ವಾ ನನಗೆ? ಕೆಳಗಿಡು ಅಂದೆ."

ಶಿಹೊ ಕೆಳಗಿಟ್ಟಳು. ಹದಿನಾರರ ಹುಡುಗಿಗೂ ಮಾನ ಇರುತ್ತದೆ. ಬೆರಳಲ್ಲಿ ಕಣ್ಣಿದ್ದವರಿಗೆ ಯಾವ ಲೆನ್ಸಾದರೇನು ಎಂದು ತನ್ನಷ್ಟಕ್ಕೆ ಗೊಣಗಿಕೊಂಡು ಹೋದಳು. ತಾತನ ಕಣ್ಣಿನ ಸುದ್ದಿ ಅವಳಿಗೆ ಗೊತ್ತಿರಲಿಲ್ಲ. ಕಣ್ಣಿನ ಸುದ್ದಿ ಗೊತ್ತಿದ್ದ ಫುಸಾಳಿಗೆ ಕ್ಯಾಮೆರಾದ ಸುದ್ದಿ ಗೊತ್ತಿರಲಿಲ್ಲ. "ಚಿಂತೆ ಇಲ್ಲ ಕಿನು, ಹೊಸದೂ ಹಳೇದರ ಹಾಗೇ ಎಲ್ಲ ತಾನೇ ನೋಡ್ಕೊಳ್ಳುತ್ತಂತೆ," ಎಂದು ಅವಳು ನನ್ನ ಹತ್ತಿರ ಹೇಳಿದಳು. ನಾನು ಸೋಯಾ ಅರೆಯುವವಳು, ಹೌದಾ ಎಂದೆ.

ಔಷಧಿ ಶುರುವಾಗುವ ಹಿಂದಿನ ಭಾನುವಾರ ಫೋಟೊ ತೆಗೆಯುವುದೆಂದು ತೀರ್ಮಾನವಾಯಿತು. ಬಿಳಿ ಹಲಗೆ ಹಿಡಿಯಲು ಫುಸಾ ನನ್ನನ್ನು ಕರೆದಳು. ಅವಳು ಕೂರುವವಳಾದ್ದರಿಂದ ಅವಳ ಜಾಗದಲ್ಲಿ ಇನ್ನೊಬ್ಬರು ನಿಲ್ಲಬೇಕಿತ್ತು. ಬೂದು ಬಣ್ಣದ ರೇಷ್ಮೆ ಕಿಮೊನೊ ಉಟ್ಟಿದ್ದಳು. ಇಕುಯೊ ಬೆಳಗ್ಗೆಯೇ ಎದ್ದು ಅತ್ತೆಯ ತಲೆ ಬಾಚಿ, ಸಡಿಲಾದ ಸೊಂಟಪಟ್ಟಿಯೊಳಗೆ ಟವೆಲ್ ತುರುಕಿ ಬಿಗಿ ಮಾಡಿದ್ದಳು. ಅತ್ತೆ ಸೊಸೆ ಇಷ್ಟು ವರ್ಷದಲ್ಲಿ ಅಷ್ಟು ಹತ್ತಿರ ನಿಂತದ್ದನ್ನು ನಾನು ನೋಡಿರಲಿಲ್ಲ.

"ಬಿಗಿ ಆಯ್ತಾ ಅತ್ತೆ?"

"ಇನ್ನೂ ಎಳಿ. ಸತ್ತ ಮೇಲೂ ಸಡಿಲಾಗಿ ಕಾಣಬಾರದು."

"ನಿಮ್ಮದೊಂದು ಬಾಯಿ!"

ಹಿಂದೆ ಮರಗಿಡ ಬರೆದ ಪರದೆ, ಮುಂದೆ ಕುರ್ಚಿ, ಕುರ್ಚಿಯಲ್ಲಿ ಫುಸಾ. ತುಟಿ ಮುಚ್ಚಿ, ಕಣ್ಣಲ್ಲಿ ಮಾತ್ರ ಒಂದಿಷ್ಟು ನಗು ಇಟ್ಟುಕೊಂಡು ಕೂತಿದ್ದಳು. ಅದು ಊರವರಿಗೆಲ್ಲ ಅವಳೇ ಹೇಳಿಕೊಟ್ಟ ಭಂಗಿ. "ಭುಜ ಇಳಿಸಿದೆ, ಉಸಿರು ಬಿಟ್ಟೆ, ಇನ್ನೇನು?" ಎಂದಳು.

ತೊಕುಜಿ ಕ್ಯಾಮೆರಾಕ್ಕೆ ಕಣ್ಣಿಟ್ಟು ಗುಂಡಿ ಅರ್ಧ ಒತ್ತಿದರು. ಹಳೆಯ ಕ್ಯಾಮೆರಾ ಆಗಿದ್ದರೆ ಗರ್ ಗರ್ ಎಂದು ಲೆನ್ಸ್ ತಿರುಗುವುದು ನನ್ನ ಅಂಗಡಿಯವರೆಗೂ ಕೇಳುತ್ತಿತ್ತು. ಇದು ತೆಪ್ಪಗಿತ್ತು. ಒಂದು ಗಳಿಗೆ ತಡೆದು, ಪೂರ್ತಿ ಒತ್ತಿದರು. ಟಿಕ್ ಎಂದಿತು.

"ನೋಡಿದ್ಯಾ ಕಿನು? ಹೊಸದು ಸದ್ದೇ ಮಾಡೋದಿಲ್ಲ. ಈಗಿನ ಯಂತ್ರ ಅಂದ್ರೆ ಹೀಗೆ."

ಅವರು ಬಹಳ ಖುಷಿಯಾಗಿದ್ದರು. ಗಲ್ಲ ಎತ್ತು, ಕಿವಿ ಈಚೆ ತಿರುಗಿಸು ಎನ್ನುತ್ತ ಮತ್ತೆ ಮತ್ತೆ ಒತ್ತಿದರು. ಫುಸಾ ಸುಸ್ತಾಗಿ ಹಣೆ ಬೆವರುವವರೆಗೂ ಕೂತಳು. ಇಕುಯೊ ನಡುವೆ, "ಮಾವ, ಇರಲಿ ಅಂತ ಶಿಹೊನೂ ಒಂದು ತೆಗೀಲಿ, ಅವಳು ಮನೇಲೇ ಇದ್ದಾಳೆ," ಅಂದಳು. ಒಂದೇ ಫೋಟೊಗೆ ಇಬ್ಬರು ಕೈ ಹಾಕಬಾರದು ಎಂದರು ತೊಕುಜಿ. ಆ ಮಾತಿಗೆ ಫುಸಾಳೂ ತಲೆಯಾಡಿಸಿದಳು. ಗಂಡ ಅಷ್ಟು ಖುಷಿಯಾಗಿರುವುದನ್ನು ಅವಳು ಕೆಡಿಸಲೊಲ್ಲಳು.

ಆಮೇಲೆ ಆಸ್ಪತ್ರೆಯ ದಿನಗಳು. ಹಿಮ ಬೀಳಲು ಶುರುವಾಯಿತು. ಇಕುಯೊ ಬೆಳಗ್ಗೆ ಎದ್ದು ಬಾಗಿಲ ಮುಂದಿನ ಹಿಮ ತೋಡಿ, ಎಲ್ಲರ ಊಟದ ಡಬ್ಬಿ ಕಟ್ಟಿ, ಅತ್ತೆಯ ಬಟ್ಟೆ ಒಗೆಯಲು ಹಾಕಿ, ಕೆಲಸಕ್ಕೆ ಓಡುತ್ತಿದ್ದಳು. ಸಂಜೆ ಆಸ್ಪತ್ರೆ, ಆಮೇಲೆ ಅಡುಗೆ. ತೊಕುಜಿ ಆಸ್ಪತ್ರೆಗೆ ಒಬ್ಬರೇ ಹೋಗಿ, ಮೆಟ್ಟಿಲು ತಪ್ಪಿ ಬಿದ್ದು ಮೊಣಕಾಲು ತರಚಿಕೊಂಡು ಬಂದರು.

"ಮಾವ, ಸಾಸ್ ಎಲ್ಲಿದೆ ಅಂತ ಕೇಳ್ತೀರಲ್ಲ, ನಿಮ್ಮ ಮೂಗಿನ ಮುಂದೆಯೇ ಇದೆ," ಎಂದು ಇಕುಯೊ ಒಂದು ದಿನ ಸಿಡುಕಿದಳು. "ನಾನು ಅತ್ತೆ ಅಲ್ಲ, ಕೈಗೆ ಕೈಗೆ ಕೊಡೋಕೆ."

ತೊಕುಜಿ ಅನ್ನಕ್ಕೆ ಏನೂ ಹಾಕಿಕೊಳ್ಳದೆ ತಿಂದು ಎದ್ದರು. ಇದನ್ನು ನನಗೆ ಹೇಳುವಾಗ ಇಕುಯೊ ಅತ್ತಳು. ದಣಿದವರ ಬಾಯಿಗೆ ಕಡಿವಾಣ ಎಲ್ಲಿಂದ ಬರಬೇಕು.

ಫೋಟೊ ಏನಾಯಿತೆಂದು ನೊಬೊರು ಕೇಳಿದರೆ ತೊಕುಜಿ, "ಆರಿಸಬೇಕು, ನಿನ್ನ ಅಮ್ಮ ಬರಲಿ" ಎನ್ನುತ್ತಿದ್ದರು. ಆರಿಸುವುದು ಫುಸಾಳ ಕೆಲಸ. ಬೇರೆಯವರಿಗೆ ತೋರಿಸಿದರೆ ತಮಗೆ ಕಾಣುವುದಿಲ್ಲವೆಂದು ಗೊತ್ತಾಗುತ್ತದೆ. ಹಾಗಾಗಿ ಕ್ಯಾಮೆರಾ ಇದ್ದಲ್ಲೇ ಇತ್ತು.

ಹೊಸ ವರ್ಷಕ್ಕೆ ಫುಸಾಳನ್ನು ನಾಲ್ಕು ದಿನದ ಮಟ್ಟಿಗೆ ಮನೆಗೆ ಕಳಿಸಿದರು. ಅದರ ಅರ್ಥ ಎಲ್ಲರಿಗೂ ತಿಳಿದಿತ್ತು. ಕರಿದ ತೋಫು ತೆಗೆದುಕೊಂಡು ಹೋದ ನನ್ನನ್ನು ಅವಳು ಹಿಡಿದು ಕೂರಿಸಿಕೊಂಡಳು. ತಲೆಗೆ ಉಣ್ಣೆಯ ಟೋಪಿ. ಮುಖ ಊದಿ ಹಳದಿಗಟ್ಟಿ ಕಣ್ಣು ಸಣ್ಣಗಾಗಿದ್ದವು. ಮುಂದೆ ಅಕ್ಕಿ ಕಡುಬಿನ ಸಾರು, ಕೆಂಪು ಟರ್ನಿಪ್ ಉಪ್ಪಿನಕಾಯಿ. ಅವಳು ಸಾರಿನ ತಿಳಿ ಮಾತ್ರ ಕುಡಿದು, "ಎಲ್ಲಿ, ನನ್ನ ಫೋಟೊ ತೋರಿಸಿ" ಎಂದಳು.

"ಊಟ ಆಗಲಿ," ಎಂದರು ತೊಕುಜಿ.

"ನಂದು ಆಯ್ತು. ಶಿಹೊ, ನಿನ್ನ ಕಂಪ್ಯೂಟರ್‌ನಲ್ಲಿ ಹಾಕು."

ಶಿಹೊ ಸ್ಟುಡಿಯೊಗೆ ಹೋಗಿ ಕ್ಯಾಮೆರಾದಿಂದ ಕಾರ್ಡ್ ತಂದು ಕಂಪ್ಯೂಟರಿಗೆ ಸಿಕ್ಕಿಸಿದಳು. ಮೊದಲ ಚಿತ್ರ ಬಂತು. ಅವಳು ಎರಡನೆಯದಕ್ಕೆ ಹೋದಳು. ಮೂರನೆಯದಕ್ಕೆ. ಹಿಂದಿನ ಪರದೆಯ ಬಟ್ಟೆಯ ಎಳೆ ಎಳೆ ಕಾಣುತ್ತಿತ್ತು, ಬರೆದ ಎಲೆಗಳ ಬಣ್ಣ ಒಡೆದದ್ದೂ ಕಾಣುತ್ತಿತ್ತು. ಅದರ ಮುಂದೆ ಕಣ್ಣು, ಮೂಗು, ಬಾಯಿ ಒಂದಕ್ಕೊಂದು ಕರಗಿ ಸೇರಿಕೊಂಡ ಬಿಳಿಯ ಗುಡ್ಡೆ. ಎಲ್ಲವೂ ಹಾಗೇ ಇದ್ದವು.

"ಯಾಕೆ ಸುಮ್ಮನಿದ್ದೀರಿ? ಹೇಗೆ ಬಂದಿದೆ?" ಎಂದು ಕೇಳಿದರು ತೊಕುಜಿ. ಅವರು ಕಂಪ್ಯೂಟರಿನ ಎದುರಿಗೇ ಕೂತಿದ್ದರು.

ನೊಬೊರು ಅಪ್ಪನನ್ನೇ ನೋಡಿದ. "ಅಪ್ಪ, ನಿಮಗೆ ಇದು ಕಾಣ್ತಿಲ್ವಾ?"

"ಫೋಕಸ್ಸೇ ಇಲ್ಲ ತಾತ," ಎಂದಳು ಶಿಹೊ. "ಒಂದರಲ್ಲೂ ಇಲ್ಲ. ನೀವು ಉಂಗುರ ತಿರುಗಿಸಲೇ ಇಲ್ವಾ?"

"ಯಾಕೆ ತಿರುಗಿಸಬೇಕು? ಅದು ತಾನೇ ಮಾಡುತ್ತಲ್ಲ."

"ಇದು ಮಾಡೋದಿಲ್ಲ! ಆ ಹಳೇ ಲೆನ್ಸಿನೊಳಗೆ ಮೋಟರ್ ಇಲ್ಲ ತಾತ. ಕ್ಯಾಮೆರಾನೇ ಅದನ್ನ ತಿರುಗಿಸಬೇಕು. ನಿಮ್ಮ ಹಳೇ ಕ್ಯಾಮೆರಾ ಬಾಯಲ್ಲಿ ಸ್ಕ್ರೂಡ್ರೈವರ್ ತುದಿಯಂಥದ್ದು ಇತ್ತು, ಅದು ತಿರುಗಿಸ್ತಿತ್ತು. ಅಗ್ಗದ್ದರಲ್ಲಿ ಅದನ್ನ ಇಟ್ಟೇ ಇಲ್ಲ. ಲೆನ್ಸ್ ಕೂರುತ್ತೆ, ಫೋಟೊ ಬೀಳುತ್ತೆ, ಫೋಕಸ್ ಮಾತ್ರ ಆಗೋದಿಲ್ಲ. ಸರಿಯಾದಾಗ ಮೂಲೇಲಿ ಒಂದು ಹಸಿರು ಚುಕ್ಕೆ ಹತ್ತುತ್ತೆ, ಅದನ್ನ ನೋಡಿಕೊಂಡು ಕೈಯಲ್ಲಿ ತಿರುಗಿಸಬೇಕು. ಚುಕ್ಕೆ ನೋಡಲಿಲ್ವಾ?"



"ಕಾಣೋದಿಲ್ಲ ಕಣೇ ಅವರಿಗೆ," ಎಂದಳು ಫುಸಾ. "ಚುಕ್ಕೆನೂ ಕಾಣೋದಿಲ್ಲ, ನೀನೂ ಕಾಣೋದಿಲ್ಲ. ಎರಡು ವರ್ಷ ಆಯ್ತು."

ಆಮೇಲೆ ಎಲ್ಲರೂ ಒಟ್ಟಿಗೇ ಮಾತಾಡಿದರು. ನೊಬೊರು ಮೇಜಿಗೆ ಕೈ ಅಪ್ಪಳಿಸಿದ. "ಎರಡು ವರ್ಷ! ಮಗ ಅಂತ ಒಬ್ಬ ಇದ್ದೀನಿ ಈ ಮನೇಲಿ!"

"ನಿನಗೆ ಹೇಳಿದ್ರೆ ಬಾಗಿಲು ಹಾಕಿಸ್ತಿದ್ದೆ," ಎಂದರು ತೊಕುಜಿ.

"ಹಾಕಿಸ್ತಿದ್ದೆ! ಹಾಕಿಸಿದ್ರೆ ಅಮ್ಮ ಮಾಲ್‌ಗೆ ಹೋಗಿ ಒಂದು ನೆಟ್ಟಗಿನ ಫೋಟೊ ತೆಗೆಸ್ಕೊಳ್ತಿದ್ಳು!"

"ಸಾಸ್ ಬಾಟಲಿ..." ಎಂದಳು ಇಕುಯೊ, ಯಾರಿಗೂ ಅಲ್ಲ. "ನನಗೊಂದು ಮಾತು ಹೇಳಬಾರದಿತ್ತಾ ಅತ್ತೆ? ನಾನು ಅವರನ್ನ ಏನೇನೋ ಅಂದುಬಿಟ್ಟೆ."

ಶಿಹೊ ಬಿಕ್ಕುತ್ತಿದ್ದಳು. "ಕಣ್ಣು ಕಾಣೋದಿಲ್ಲ ಅಂತ ಗೊತ್ತಿದ್ರೆ ಬಿಡ್ತಿದ್ನಾ ನಾನು? ಹೇಳೋಕೆ ಬಂದೆ. ಕೆಳಗಿಡು ಅಂದ್ರಿ. ಕೈಯಲ್ಲೇ ಮಾಡ್ತೀರಿ ಅಂದ್ಕೊಂಡೆ ತಾತ. ನೀವೇ ಹೇಳಿದ್ರಲ್ಲ!"

ತೊಕುಜಿ ಎದ್ದು ಗೋಡೆ ಹಿಡಿದುಕೊಂಡು ಹೋಗಿ, ಸ್ಟುಡಿಯೊದ ಕೋಣೆಯಿಂದ ಕ್ಯಾಮೆರಾ ತಂದು ಶಿಹೊಳ ತೊಡೆಯ ಮೇಲಿಟ್ಟರು. ಪೆಟ್ಟಿಗೆಯಲ್ಲಿ ಅದರ ಜೊತೆ ಬಂದಿದ್ದ ಪುಟ್ಟ ಪ್ಲಾಸ್ಟಿಕ್ ಲೆನ್ಸನ್ನೂ ಇಟ್ಟರು. "ಇದರಲ್ಲಿ ಮೋಟರ್ ಇದೆಯಾ?"

"ಇದೆ."

"ಹಾಗಾದ್ರೆ ತೆಗಿ. ಈಗಲೇ ತೆಗಿ. ದೀಪ ನಾನು ಹಚ್ತೀನಿ." ಆ ಮನುಷ್ಯ ಇನ್ನೊಬ್ಬರನ್ನು ಬೇಡಿಕೊಂಡದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಫುಸಾ ಇಕುಯೊಳ ಕೈಯಿಂದ ಕನ್ನಡಿ ತರಿಸಿಕೊಂಡಳು. ಟೋಪಿ ತೆಗೆದು ನೋಡಿಕೊಂಡಳು. ಬಹಳ ಹೊತ್ತು ನೋಡಲಿಲ್ಲ.

"ಬೇಡ," ಎಂದಳು. "ಈ ಮುಖ ನನ್ನದಲ್ಲ. ಇದನ್ನಿಟ್ಟುಕೊಂಡು ಅಷ್ಟು ವರ್ಷ ಪೀಠದ ಮೇಲೆ ಕೂರೋಕೆ ನನ್ನಿಂದ ಆಗೋದಿಲ್ಲ."

"ಅಜ್ಜಿ, ನಾನು ಕಂಪ್ಯೂಟರ್‌ನಲ್ಲಿ ಸರಿಮಾಡ್ತೀನಿ..."

"ಬೇಡ ಅಂದೆ ಕಣೇ. ಇಕುಯೊ, ಸಾರು ಆರಿಹೋಗ್ತಿದೆ, ಇವರಿಗೆಲ್ಲ ಬಡಿಸು. ಇವರ ಬಟ್ಟಲು ಎಡಕ್ಕೆ, ಸಾಸ್ ಬಲಕ್ಕೆ. ನೋಡಿಕೋ, ಹೀಗೆ."

ಇಕುಯೊ ಬಟ್ಟಲು ಎಡಕ್ಕಿಟ್ಟಳು, ಸಾಸ್ ಬಲಕ್ಕಿಟ್ಟಳು. ಎಲ್ಲರೂ ತಿಂದರು. ಅಂಥ ಊಟ ಶತ್ರುವಿಗೂ ಬೇಡ.

ಹಿಮ ಇನ್ನೂ ಕರಗದಿದ್ದಾಗಲೇ ಫುಸಾ ಆಸ್ಪತ್ರೆಯಲ್ಲಿ ತೀರಿಕೊಂಡಳು. ಅವಳು ಬೇಡವೆಂದ ಮೇಲೆ ಅವಳ ಮುಖಕ್ಕೆ ಯಾರೂ ಕ್ಯಾಮೆರಾ ಹಿಡಿದಿರಲಿಲ್ಲ.

ಅಂತ್ಯಕ್ರಿಯೆ ಕಂಪನಿಯವನು ಕಂಪ್ಯೂಟರ್ ಹಿಡಿದುಕೊಂಡು ಮನೆಗೆ ಬಂದು, ಫೋಟೊ ಕೊಡಿ ಎಂದ. ಮನೆಯಲ್ಲಿದ್ದದ್ದು ಮದುವೆ ಗುಂಪಿನಲ್ಲಿ ಮೂಲೆಗೆ ನಿಂತವಳು, ಶಿಹೊಳನ್ನು ಎತ್ತಿಕೊಂಡು ಬೆನ್ನು ತಿರುಗಿಸಿದವಳು, ಹಲಗೆಯ ಹಿಂದೆ ಅರ್ಧ ಮರೆಯಾದವಳು. ಇಕುಯೊ ನನ್ನ ಬಾಗಿಲಿಗೆ ಓಡಿಬಂದಳು. ನನ್ನ ಹತ್ತಿರ ಒಂದಿತ್ತು. ಬೀದಿಯ ಹೆಂಗಸರೆಲ್ಲ ಬಿಸಿನೀರಿನ ಬುಗ್ಗೆಯ ಊರಿಗೆ ಹೋಗಿದ್ದಾಗ ಬಸ್ಸಿನ ಗೈಡ್ ಹುಡುಗಿ ನನ್ನ ಪುಟ್ಟ ಕ್ಯಾಮೆರಾದಲ್ಲಿ ತೆಗೆದದ್ದು. ಫುಸಾ ಹಲ್ಲು ಬಿಟ್ಟು, ಕಣ್ಣು ಮುಚ್ಚಿಹೋಗುವಷ್ಟು ನಗುತ್ತಿದ್ದಳು, ನನ್ನ ಕೈ ಅವಳ ಹೆಗಲ ಮೇಲಿತ್ತು.

ಆ ಕಂಪನಿಯವನು ನನ್ನ ಕೈಯನ್ನು ಅಳಿಸಿದ. ಅವಳ ತಲೆಯನ್ನು ಕತ್ತರಿಸಿ ತೆಗೆದು, "ಕಿಮೊನೊ ಕಪ್ಪು ಹಾಕಲಾ, ಬೂದು ಹಾಕಲಾ?" ಎಂದು ಕೇಳಿದ. ಫೋಟೊ ತೆಗೆಸಿಕೊಳ್ಳದೆ ಸತ್ತವರಿಗೆಲ್ಲ ನಮ್ಮಲ್ಲಿ ಹೀಗೇ ಕಿಮೊನೊ ಉಟ್ಟ ಬೇರೆ ಮೈಗೆ ತಲೆ ಅಂಟಿಸುವುದು. ತೊಕುಜಿಯವರೂ ಎಷ್ಟೋ ಮನೆಗಳಿಗೆ ಮಾಡಿಕೊಟ್ಟಿದ್ದರು.

"ಬೂದು," ಎಂದರು ತೊಕುಜಿ. "ಕೂದಲಿನ ಅಂಚಿನಲ್ಲಿ ಬಿಳಿ ಗೆರೆ ಉಳಿಯದ ಹಾಗೆ ನೋಡ್ಕೊಳ್ಳಿ. ಕತ್ತಿನ ಹತ್ತಿರ ನೆರಳು ಸ್ವಲ್ಪ ಬೇಕು, ಇಲ್ಲದಿದ್ರೆ ತಲೆ ತೇಲಿದ ಹಾಗೆ ಕಾಣುತ್ತೆ."

"ಆಗಲಿ ಸಾರ್. ನೋಡಿ, ಈಗ ಸರಿಯಾಯ್ತಾ?"

ತೊಕುಜಿ ಕಂಪ್ಯೂಟರಿನ ಕಡೆ ಮುಖ ಮಾಡಿ ತಲೆಯಾಡಿಸಿದರು.

ಅಂತ್ಯಕ್ರಿಯೆಯ ಸಭಾಮಂದಿರದಲ್ಲಿ ಬಿಳಿಯ ಸೇವಂತಿಗೆಗಳ ನಡುವೆ ಆ ದೊಡ್ಡ ಫೋಟೊ ಇಟ್ಟಿದ್ದರು. ಮನೆಯವರು ಸಾಲಾಗಿ ಕೂತಿದ್ದರು, ಮೊದಲಿಗೆ ತೊಕುಜಿ. ಊರೆಲ್ಲ ಬಂದಿತ್ತು. ಅಲ್ಲಿದ್ದ ಮುದುಕರಲ್ಲಿ ಇವರ ಕ್ಯಾಮೆರಾದ ಮುಂದೆ ಕೂರದವರು ಇರಲಿಲ್ಲ. ಊದುಬತ್ತಿ ಹಚ್ಚಿ ಬಂದವರೆಲ್ಲ ಅವರ ಮುಂದೆ ನಿಂತು ಅದೇ ಮಾತು ಹೇಳಿದರು.

"ಎಷ್ಟು ಚೆನ್ನಾಗಿ ತೆಗೆದಿದ್ದೀರಿ ತೊಕುಜಿಯವರೇ. ಕೈಯ ಕಸುಬು ಹೋಗಿಲ್ಲ."

ನೊಬೊರು ಏನೋ ಹೇಳಲು ಹೋದ. ತೊಕುಜಿ ಅವನ ಮೊಣಕಾಲ ಮೇಲೆ ಕೈಯಿಟ್ಟು ತಡೆದು, ತಲೆ ಬಾಗಿಸಿದರು. ಮುಂದಿನವರಿಗೂ ಬಾಗಿಸಿದರು. ಮೊಗಿ ಬಂದ, ಫೋಟೊ ನೋಡಿದ, ಅವನೊಬ್ಬ ಆ ಮಾತು ಹೇಳದೆ ತಲೆ ತಗ್ಗಿಸಿ ಹೋದ.

ನನ್ನ ಸರದಿ ಬಂತು. ನಾನು ಬಗ್ಗಿ ಸಂತಾಪ ಹೇಳಿದಾಗ ತೊಕುಜಿ ನನ್ನ ದನಿ ಗುರುತಿಸಿ ತೋಳು ಹಿಡಿದುಕೊಂಡರು.

"ಕಿನು, ನೀನಾದ್ರೂ ನಿಜ ಹೇಳು. ಹೇಗೆ ಕಾಣ್ತಾಳೆ?"

"ನಗ್ತಿದ್ದಾಳೆ."

"ನಗೋದಂದ್ರೆ? ತುಟಿ ಮುಚ್ಚಿಯಾ?"

"ಇಲ್ಲ. ಹಲ್ಲೆಲ್ಲಾ ಕಾಣುತ್ತೆ. ಬಾಯ್ತುಂಬಾ ನಗ್ತಿದ್ದಾಳೆ."

ಅವರು ನನ್ನ ತೋಳು ಬಿಡಲಿಲ್ಲ. "ಮನೇಲಿ ಅವಳು ಹಾಗೆ ನಕ್ಕಿದ್ದು ನನಗೆ ನೆನಪಿಲ್ಲ. ಕಣ್ಣು ಸರಿ ಇದ್ದಾಗಲೂ ನೋಡಿಲ್ಲ. ಯಾಕೆ ನಗ್ತಿದ್ಳು ಅವತ್ತು?"

ಸುಳ್ಳು ಹೇಳಬಹುದಿತ್ತು. ಇಷ್ಟು ದಿನ ಆ ಮನೆಯಲ್ಲಿ ಮುಚ್ಚಿಟ್ಟದ್ದು ಸಾಕೆನ್ನಿಸಿತು.

"ಊಟ ಮುಗಿಸಿ ಎದ್ದಿದ್ವಿ," ಎಂದೆ. "ಬೇರೆಯವರು ಬಡಿಸಿದ್ದನ್ನ ತಿಂದು, ತಟ್ಟೆ ಅಲ್ಲೇ ಬಿಟ್ಟು ಎದ್ದು ಬಂದೆ ಅಂತ ನಗ್ತಿದ್ಳು. ಹಾಗೆ ಎದ್ದಿದ್ದು ಮದುವೆ ಆದ ಮೇಲೆ ಅದೇ ಮೊದಲಂತೆ."

ತೊಕುಜಿಯವರ ಕೈ ಸಡಿಲಾಯಿತು. ನನ್ನ ಹಿಂದೆ ಸಾಲಿನಲ್ಲಿದ್ದ ಅಕ್ಕಿ ಅಂಗಡಿಯ ಮುದುಕ ಮುಂದೆ ಬಂದು, ಕಣ್ಣೊರೆಸಿಕೊಂಡು, "ಎಂಥ ಫೋಟೊ! ಕಟ್ಟಿಕೊಂಡ ಗಂಡನಲ್ಲದೆ ಇನ್ಯಾರು ಹೀಗೆ ತೆಗೆಯೋಕಾಗುತ್ತೆ?" ಎಂದ. ತೊಕುಜಿ ಎರಡೂ ಕೈ ನೆಲಕ್ಕೂರಿ, ಹಣೆ ಚಾಪೆಗೆ ತಾಗುವವರೆಗೆ ಬಗ್ಗಿದರು.